ಘಾಟಿ ನೋಡುವವರಿಗೂ, ಘಾಟಿಯಲ್ಲಿ ಬದುಕುವವರಿಗೂ ರಸ್ತೆ ಒಂದೇ

ಶನಿವಾರ ಬಂತೆಂದರೆ ಚಿಕ್ಕಮಗಳೂರಿನ ಅಂಗಡಿಯವರಿಗೆ ಎರಡು ಚಿಂತೆ. ಗಿರಾಕಿ ಬರುತ್ತಾನೋ ಇಲ್ಲವೋ ಅನ್ನುವುದು ಒಂದು. ಬಂದವನು ಅಂಗಡಿ ಬಾಗಿಲಿಗೇ ಕಾರು ಅಡ್ಡ ನಿಲ್ಲಿಸಿ, ಬೀಗ ಹಾಕಿಕೊಂಡು ಎತ್ತಲೋ ಹೋಗಿಬಿಟ್ಟರೆ ಏನು ಗತಿ ಅನ್ನುವುದು ಇನ್ನೊಂದು. ಬಸ್ಸಿನಲ್ಲಿ ಓಡಾಡುವವರಿಗೆ ಒಂದೇ ಚಿಂತೆ. ಇವತ್ತು ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತೇವಪ್ಪಾ ಅಂತ.

ಬೆಂಗಳೂರಿನಿಂದ ಬರುವವರ ಪ್ರವಾಸದ ಪಟ್ಟಿಯನ್ನು ಒಮ್ಮೆ ನೋಡಬೇಕು ಸ್ವಾಮಿ. ಶುಕ್ರವಾರ ರಾತ್ರಿ ಹೊರಡುವುದು. ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿ, ಮಧ್ಯಾಹ್ನ ಕೆಮ್ಮಣ್ಣುಗುಂಡಿ, ರಾತ್ರಿ ಶೃಂಗೇರಿ. ಭಾನುವಾರ ಬೆಳಿಗ್ಗೆ ಆಗುಂಬೆ, ಮಧ್ಯಾಹ್ನ ಕುದುರೆಮುಖ, ಸಂಜೆ ಹೊರನಾಡು. ಸೋಮವಾರ ಬೆಳಿಗ್ಗೆ ಆಫೀಸು! ಇದೇನು ಪ್ರವಾಸವೋ, ಟಪಾಲು ಹಂಚುವ ಕೆಲಸವೋ? ಇಳಿದ ಕಡೆಯೆಲ್ಲಾ ಒಂದು ಫೋಟೋ, ಒಂದು ಖಾಲಿ ಬಾಟ್ಲಿ, ಮತ್ತೆ ಗಾಡಿ ಹತ್ತು. ಅವರು ಬೆಟ್ಟ ನೋಡಿದಂತೆಯೂ ಆಗಲಿಲ್ಲ, ಬೆಟ್ಟದ ಊರಿಗೆ ನಾಲ್ಕು ಕಾಸು ಸಿಕ್ಕಂತೆಯೂ ಆಗಲಿಲ್ಲ.

ಬರಬೇಡಿ ಅನ್ನುವ ಜಾತಿಯವರು ನಾವಲ್ಲ. ಬರಲಿ, ನಾಲ್ಕು ದಿನ ಇರಲಿ. ಆದರೆ ಬೆಟ್ಟದ ಸೀಮೆಯಲ್ಲಿ ಗಾಡಿಯಲ್ಲಿ ತಿರುಗಬೇಕಾದರೆ ಜಾಗಗಳ ಪಟ್ಟಿ ಮಾಡುವುದಲ್ಲ, ರಸ್ತೆಯ ಲೆಕ್ಕ ಹಾಕಬೇಕು. ಈ ರಸ್ತೆ ಅವರಿಗೆ ನೋಟ, ನಮಗೆ ಹೊಟ್ಟೆಪಾಡು. ಈ ಎರಡೂ ಒಂದೇ ಡಾಂಬರಿನ ಮೇಲೆ ನಡೆಯಬೇಕು. ಇದನ್ನು ಬರುವವರಿಗೆ ಯಾರು ಹೇಳಬೇಕು? ನೀವೇ ಹೇಳಬೇಕು. ಊರಿಗೆ ಹೊಸಬರು ಬಂದರೆ ಮೊದಲು ದಾರಿ ಕೇಳುವುದು ಬೀಡಾ ಅಂಗಡಿಯವನನ್ನು, ಇಲ್ಲವೇ ಬಸ್ಸಿಗೆ ಕಾದು ನಿಂತವರನ್ನು. ನಿಮ್ಮ ಮನೆಗೇ ಬೆಂಗಳೂರಿನ ಷಡ್ಡಕ ಸಂಸಾರ ಸಮೇತ ಬಂದು, "ನಾಲ್ಕು ದಿನ ರಜಾ ಇದೆ, ಎಲ್ಲಿಗೆ ಹೋಗೋಣ ಭಾವ?" ಅಂತ ಕೇಳಿದರೆ ಏನು ಹೇಳುತ್ತೀರಿ? ಅಷ್ಟೇಕೆ, ನಮ್ಮ ಕಡೂರು ಕಡೆಯವರಲ್ಲೇ ಆಗುಂಬೆಯ ಮುಖ ನೋಡದವರು ಎಷ್ಟು ಜನ ಬೇಕು!

ನಾಲ್ಕು ದಿನದ ದಾರಿ

ಒಂದು ಸುತ್ತು ಹೇಳುತ್ತೇವೆ ಕೇಳಿ. ಎಲ್ಲಾ ಸೇರಿ 300ರಿಂದ 350 ಕಿಲೋಮೀಟರು. ಬಯಲುಸೀಮೆಯಲ್ಲಿ ಇದು ಒಂದು ದಿನದ ಓಟ. ಇಲ್ಲಿ ಇದಕ್ಕೆ ನಾಲ್ಕು ದಿನ ಕೊಡಬೇಕು. ಕೊಟ್ಟರೇ ರುಚಿ.

ಮೊದಲ ದಿನ ಬೆಳಗಿನ ಜಾವವೇ ಗಿರಿಗೆ ಹೋಗಬೇಕು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ, ಇಡೀ ಕರ್ನಾಟಕಕ್ಕೇ ಎತ್ತರದ ಶಿಖರ. ಅದರ ಪಕ್ಕದ ಬಾಬಾಬುಡನ್‌ಗಿರಿಯ ಮಾತು ಎಲ್ಲರಿಗೂ ಗೊತ್ತು. ಬಾಬಾಬುಡನ್ ಅರಬ್ ದೇಶದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರು ಅನ್ನುವ ನಂಬಿಕೆ. ಇವತ್ತು ನಮ್ಮ ಪೇಟೆಯ ಅರ್ಧ ವ್ಯಾಪಾರ ಆ ಬೀಜದ ಪುಣ್ಯ. 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಹೋಗುವ ಹೊರಗಿನ ಗಾಡಿಗಳು ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಬೇಕೆಂದು ಜಿಲ್ಲಾಡಳಿತ ನಿಯಮ ಮಾಡಿತು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ ಇಷ್ಟೇ ಗಾಡಿ ಅಂತ. ಇದು ಗೊತ್ತಿಲ್ಲದೆ ಬೆಟ್ಟದ ಬುಡಕ್ಕೆ ಬಂದು ಕೈಮರದಲ್ಲಿ ಪೊಲೀಸರ ಜೊತೆ ಜಗಳ ಕಾಯುವವರು ಈಗಲೂ ಇದ್ದಾರೆ. ಡಿಸೆಂಬರಿನಲ್ಲಿ ದತ್ತಜಯಂತಿಯ ದಿನಗಳಲ್ಲಿ ಸಾಮಾನ್ಯವಾಗಿ ಪ್ರವಾಸಿಗರನ್ನು ಮೇಲಕ್ಕೆ ಬಿಡುವುದೇ ಇಲ್ಲ. ಇವೆರಡನ್ನು ಷಡ್ಡಕನಿಗೆ ಮನೆಯಲ್ಲಿರುವಾಗಲೇ ಹೇಳಿ.

ಗಿರಿ ಇಳಿದು ತಿಂಡಿ ತಿಂದು, ಆಲ್ದೂರು, ಬಾಳೆಹೊನ್ನೂರು ದಾರಿ ಹಿಡಿಯಬೇಕು. ದಾರಿಯುದ್ದಕ್ಕೂ ಕಾಫಿ ತೋಟ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಹತ್ತು ದಿನಕ್ಕೆ ಬಂದರೆ ತೋಟಕ್ಕೆ ತೋಟವೇ ಬೆಳ್ಳಗಾಗಿ ಘಮ್ಮೆನ್ನುತ್ತದೆ. ನವೆಂಬರ್ ಮೇಲೆ ಬಂದರೆ ಕೆಂಪು ಹಣ್ಣು ಕೊಯ್ಯುವ ಕಾಲ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ, ಭದ್ರಾ ಹೊಳೆಯಿದೆ. ಸಂಜೆ ಐದರೊಳಗೆ ಶೃಂಗೇರಿ ಸೇರಿ, ಅಲ್ಲೇ ಉಳಿಯಿರಿ.

ಎರಡನೇ ದಿನ ಬೆಳಿಗ್ಗೆ ನಿಧಾನವಾಗಿ ವಿದ್ಯಾಶಂಕರ ದೇವಸ್ಥಾನ ನೋಡಬೇಕು. ಹದಿನಾಲ್ಕನೇ ಶತಮಾನದ ಕಲ್ಲು ಕೆಲಸ. ಹನ್ನೆರಡು ರಾಶಿಗೆ ಹನ್ನೆರಡು ಕಂಬ. ತುಂಗೆಯ ದಡದಲ್ಲಿ ಮಕ್ಕಳಿಗೆ ಮೀನು ತೋರಿಸಿ, ಮಧ್ಯಾಹ್ನದ ಮೇಲೆ ಆಗುಂಬೆಗೆ ಹೊರಡಿ. ಆಗುಂಬೆ ಪಕ್ಕದ ಶಿವಮೊಗ್ಗ ಜಿಲ್ಲೆಯದು, ತೀರ್ಥಹಳ್ಳಿ ತಾಲ್ಲೂಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು. 1980ರ ದಶಕದಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಇಲ್ಲೇ. ಸೂರ್ಯಾಸ್ತ ನೋಡುವ ಆಸೆಯಿದ್ದರೆ ಮಳೆಗಾಲ ಕಳೆದ ಮೇಲೆ ಬರಬೇಕು. ಜುಲೈ ತಿಂಗಳಲ್ಲಿ ಬಂದು "ಸೂರ್ಯ ಎಲ್ಲಿ?" ಅಂತ ಹೋಟೆಲಿನವರನ್ನು ಕೇಳಿದರೆ ಅವರು ಏನು ಮಾಡಿಯಾರು? ಸೂರ್ಯ ಮುಳುಗಿದ ಮೇಲೆ ಕತ್ತಲಲ್ಲಿ ಶೃಂಗೇರಿಗೆ ವಾಪಸು ಓಡಬೇಡಿ. ಆ ರಾತ್ರಿ ಆಗುಂಬೆಯಲ್ಲೇ ಕಳೆಯಿರಿ. ಜಾಗ ಕಮ್ಮಿ, ಮೊದಲೇ ಫೋನು ಮಾಡಿ ಹೇಳಿಡಬೇಕು.

ಮೂರನೇ ದಿನ ವಾಪಸು ಶೃಂಗೇರಿಗೆ ಬಂದು, ಕೆರೆಕಟ್ಟೆ ಮೇಲೆ ಎಸ್.ಕೆ. ಬಾರ್ಡರ್. ಹಿಂದಿನ ಸೌತ್ ಕೆನರಾದ ಗಡಿ, ಆ ಹೆಸರು ಇನ್ನೂ ಹೋಗಿಲ್ಲ. ಅಲ್ಲಿಂದ ಎಡಕ್ಕೆ ತಿರುಗಿದರೆ ಕುದುರೆಮುಖದ ಕಾಡು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಇದು. ಕಬ್ಬಿಣದ ಅದಿರಿಗಾಗಿ 1976ರಲ್ಲಿ ಕಂಪನಿ ಬಂತು, ಬೆಟ್ಟದ ನಡುವೆ ಒಂದು ಊರೇ ಎದ್ದಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆ ಖಾಲಿ ಮನೆಗಳನ್ನು ನೋಡಿದವರಿಗೆ ಬೆಟ್ಟ ಅಗೆದರೆ ಏನಾಗುತ್ತದೆ, ಅಗೆಯುವುದು ನಿಂತರೆ ಕೂಲಿಯವನಿಗೆ ಏನಾಗುತ್ತದೆ, ಎರಡೂ ತಿಳಿಯುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಸೀಮೆಯದೇ. ಕಾಡಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಒಲೆ ಹಚ್ಚುವಂತಿಲ್ಲ, ಹಾಡು ಹಾಕಿ ಕುಣಿಯುವಂತಿಲ್ಲ. ಸುಮ್ಮನೆ ಕಿಟಕಿ ಇಳಿಸಿಕೊಂಡು ಹೋದರೆ ಸಾಕು. ಹುಲ್ಲುಗುಡ್ಡ, ನಡುವೆ ಕಣಿವೆಯಲ್ಲಿ ಕಪ್ಪಗೆ ಶೋಲಾ ಕಾಡು. ಸಂಜೆಗೆ ಕಳಸ, ಅಲ್ಲೇ ತಂಗುವುದು.

ನಾಲ್ಕನೇ ದಿನ ಬೆಳಿಗ್ಗೆ ಹೊರನಾಡಿನ ಅನ್ನಪೂರ್ಣೇಶ್ವರಿ. ಅಲ್ಲಿ ಬಂದವರಿಗೆಲ್ಲಾ ಊಟವಿದೆ. ಆಮೇಲೆ ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆ ತಿನ್ನದೆ ಹೋದರೆ ಪ್ರವಾಸ ಪೂರ್ತಿಯಾಗುವುದಿಲ್ಲ. ಪುಸ್ತಕ ಓದುವವರಾದರೆ ಅಲ್ಲಿ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನವಿದೆ. ಬಣಕಲ್, ಮೂಡಿಗೆರೆ ಮೇಲೆ ಕತ್ತಲಾಗುವ ಮುಂಚೆ ಚಿಕ್ಕಮಗಳೂರು.

ನೋಡಿ, ಈ ಪಟ್ಟಿಯಲ್ಲಿ ಕೆಮ್ಮಣ್ಣುಗುಂಡಿ ಇಲ್ಲ, ಜೋಗ ಇಲ್ಲ, ಧರ್ಮಸ್ಥಳ ಇಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ನೋಡಿ ಮುಗಿಸಿದರೆ ಮುಂದಿನ ವರ್ಷ ಬರಲು ಏನುಳಿಯಿತು?

ಘಾಟಿಯ ನಡವಳಿಕೆ

ಘಾಟಿಯಲ್ಲಿ ಗಾಡಿ ಓಡಿಸುವುದೆಂದರೆ ಬೆಂಗಳೂರಿನ ರಿಂಗ್ ರೋಡಲ್ಲ. ಇಲ್ಲಿ ಗಂಟೆಗೆ 30 ಕಿಲೋಮೀಟರು ಹೋದರೆ ದೊಡ್ಡ ಮಾತು. ದಿನಕ್ಕೆ 100 ಕಿಲೋಮೀಟರಿಗಿಂತ ಹೆಚ್ಚಿನ ಲೆಕ್ಕ ಹಾಕಿದವನು ನೋಡಲು ಬಂದವನಲ್ಲ, ಓಡಲು ಬಂದವನು.

ನಮ್ಮ ಬಸ್ಸಿನ ಡ್ರೈವರುಗಳನ್ನು ಕೇಳಿ, ಅವರು ಹೇಳುವುದು ಇಷ್ಟೇ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಇಳಿಜಾರಿನ ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತರೆ ಬ್ರೇಕು ಕಾದು, ಬೇಕಾದ ತಿರುವಿನಲ್ಲಿ ಹಿಡಿಯುವುದಿಲ್ಲ. ಪೆಟ್ರೋಲು ಉಳಿಸುತ್ತೇನೆಂದು ನ್ಯೂಟ್ರಲ್ ಮಾಡಿ ಬಿಡುವವನಂಥ ಮೂರ್ಖ ಇನ್ನೊಬ್ಬನಿಲ್ಲ. ಕಿರಿದಾದ ರಸ್ತೆಯಲ್ಲಿ ಇಳಿಯುವವನು ನಿಂತು, ಹತ್ತುವವನಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನಿನಲ್ಲೇ ಇದೆ. ಮಂಜು ಕವಿದಾಗ ದೊಡ್ಡ ಲೈಟು ಹಾಕಿದರೆ ಮಂಜೇ ಬೆಳ್ಳಗಾಗಿ ಕಣ್ಣಿಗೆ ರಾಚುತ್ತದೆ. ಲೈಟು ತಗ್ಗಿಸಿ ನಿಧಾನ ಹೋಗಬೇಕು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವು ಎಷ್ಟು ಕಡಿದೆಂದರೆ ಅಲ್ಲಿ ಮಿನಿ ಬಸ್ಸುಗಳೇ ಓಡಾಡುತ್ತಾ ಬಂದಿವೆ. ಅಂಥ ಕಡೆ ತಿರುವಿನ ಮಧ್ಯದಲ್ಲಿ ಕಾರು ನಿಲ್ಲಿಸಿ ಸಂಸಾರದ ಫೋಟೋ ತೆಗೆಯುವ ಮಹಾನುಭಾವರಿಗೆ ಏನನ್ನೋಣ?

ಕೈಯಲ್ಲಿ ನಗದು ಇರಲಿ ಅಂತಲೂ ಹೇಳಿ. ಸಿಗ್ನಲ್ ಇಲ್ಲದ ಕಡೆ ಫೋನಿನ ದುಡ್ಡು ನಡೆಯುವುದಿಲ್ಲ. ಟೀ ಕುಡಿದು ಅರ್ಧ ಗಂಟೆ ಫೋನನ್ನು ಆಕಾಶಕ್ಕೆ ಹಿಡಿದು ನಿಂತರೆ ಅಂಗಡಿಯವನಿಗೂ ಕಿರಿಕಿರಿ. ಪೆಟ್ರೋಲನ್ನು ಶೃಂಗೇರಿಯಲ್ಲೇ ತುಂಬಿಸಿಕೊಳ್ಳಿ, ಕಾಡಿನ ದಾರಿಯಲ್ಲಿ ಬಂಕು ನಂಬಬೇಡಿ. ಮಳೆಗಾಲವಾದರೆ ಇಂಬಳಕ್ಕೆ ಸ್ವಲ್ಪ ಉಪ್ಪು, ಸುಣ್ಣ.

ಕಾರೇ ಬೇಕೆಂದೂ ಇಲ್ಲ. ಬೆಳಗಿನ ಬಸ್ಸು ಹಿಡಿದು ಹೋದರೆ ಈ ಸುತ್ತಿನ ಬಹುಪಾಲನ್ನು ಬಸ್ಸಿನಲ್ಲೇ ಸುತ್ತಬಹುದು. ಕಿಟಕಿ ಪಕ್ಕ ಕೂತರೆ ಕಣ್ಣೆಲ್ಲಾ ಬೆಟ್ಟದ ಮೇಲೆ, ತಿರುವಿನ ಚಿಂತೆ ಡ್ರೈವರನದು. ಆದರೆ ಮಲೆನಾಡಿನ ಬಸ್ಸಿನ ಕಥೆಯನ್ನೂ ಇಲ್ಲೇ ಹೇಳಬೇಕು. ಖಾಸಗಿ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರುಗಳೇ ಮಾಲೀಕರು. ಹಳ್ಳಿ ಹಳ್ಳಿಗೆ ಬಸ್ಸು ಬಿಟ್ಟರು. ಅದು ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ಸಂತೋಷ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸೇ ಗತಿಯಾಗಿರುವ ಹಳ್ಳಿಯ ತೋಟದ ಹೆಣ್ಣಾಳು ಇವತ್ತಿಗೂ ದುಡ್ಡು ಕೊಟ್ಟೇ ಹತ್ತಬೇಕು. ಅದಕ್ಕೇ ಹೇಳುವುದು, ಇರುವ ಒಂದೆರಡು ಬಸ್ಸೂ ಜಾಮಿನಲ್ಲಿ ಸಿಕ್ಕಿ ಟ್ರಿಪ್ಪು ತಪ್ಪಿಸಿದರೆ ಅವಳಿಗೆ ಬೇರೆ ದಾರಿ ಇಲ್ಲ.

ರಸ್ತೆ ನಿಂತರೆ ಏನಾಗುತ್ತದೆ

ಇದನ್ನೆಲ್ಲಾ ಇಷ್ಟು ಉದ್ದ ಹೇಳಲು ಕಾರಣವಿದೆ. ಕಳಸದವರಿಗೆ, ಕೊಟ್ಟಿಗೆಹಾರದವರಿಗೆ, ಶೃಂಗೇರಿಯವರಿಗೆ ದೊಡ್ಡ ಕಾಯಿಲೆ ಬಂದರೆ ಎಲ್ಲಿಗೆ ಹೋಗುತ್ತಾರೆ? ಘಾಟಿ ಇಳಿದು ಮಣಿಪಾಲ, ಇಲ್ಲವೇ ಮಂಗಳೂರು. ಹೆರಿಗೆ ಕಷ್ಟವಾದರೂ ಅಷ್ಟೇ, ಎದೆನೋವು ಬಂದರೂ ಅಷ್ಟೇ. ಆ ಆಂಬುಲೆನ್ಸಿಗೆ ಇರುವುದು ಇದೇ ರಸ್ತೆ. ಸಾಲು ರಜೆ ಬಂದಾಗ ತಿರುವಿನಲ್ಲಿ ನಿಂತ ಒಂದು ಕಾರು, ಅದರ ಹಿಂದೆ ಹತ್ತು, ಅದರ ಹಿಂದೆ ಐವತ್ತು. ಫೋಟೋ ತೆಗೆಯುವವನಿಗೆ ಅದು ಎರಡು ನಿಮಿಷ. ಒಳಗೆ ಮಲಗಿದವನಿಗೆ ಆ ಎರಡು ನಿಮಿಷವೇ ಜೀವ.

ಘಾಟಿ ಎಂಥಾ ಸೂಕ್ಷ್ಮ ಅನ್ನುವುದನ್ನು ಮರೆಯುವಂತಿಲ್ಲ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತು. ಅದೇ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಮನೆ, ತೋಟ ಮಣ್ಣಿನಡಿ ಹೋದವು. ಘಾಟಿ ಮುಚ್ಚಿದಾಗ ಕೊಟ್ಟಿಗೆಹಾರದ ಹೋಟೆಲುಗಳ ಗತಿ ಏನಾಯಿತೆಂದು ಅಲ್ಲಿನವರನ್ನೇ ಕೇಳಿ. ಒಲೆ ಹಚ್ಚಿದರೂ ಗಿರಾಕಿ ಇಲ್ಲ. ಶಿರಾಡಿ ಘಾಟಿಯನ್ನು ಕಾಂಕ್ರೀಟ್ ಕೆಲಸಕ್ಕೆಂದು 2015ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ಮುಚ್ಚಿದಾಗ ಗಾಡಿಗಳೆಲ್ಲಾ ಚಾರ್ಮಾಡಿಯ ಮೇಲೇ ಬಿದ್ದವು. ಬೆಟ್ಟದ ಸೀಮೆಯಲ್ಲಿ ಒಂದು ರಸ್ತೆಗೆ ನೆಗಡಿಯಾದರೆ ಇನ್ನೊಂದಕ್ಕೆ ಜ್ವರ. ಗುಡ್ಡ ಅಗೆದು ಅಗಲ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರು, ಅಗೆದ ಗುಡ್ಡ ಮಳೆಗೆ ಎಲ್ಲಿ ಬರುತ್ತದೆ ಅನ್ನುವುದನ್ನೂ ಹೇಳಬೇಕು.

ಇನ್ನು ನಮ್ಮವರ ಮಾತು. ಗಾಡಿಗೆ ಲೆಕ್ಕ ಕಟ್ಟಿದರೆ, ಬುಕ್ಕಿಂಗ್ ಅಂದರೆ ವ್ಯಾಪಾರ ಬಿದ್ದುಹೋಗುತ್ತದೆ ಅಂತ ಕೆಲವು ಲಾಡ್ಜಿನವರು, ಹೋಟೆಲಿನವರು ಹೇಳುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ಸಾಲ ಮಾಡಿ ಕಟ್ಟಡ ಎಬ್ಬಿಸಿದವನಿಗೆ ರೂಮು ಖಾಲಿ ಬಿದ್ದರೆ ಬಡ್ಡಿ ಕಟ್ಟುವವರು ಯಾರು? ಆದರೆ ಲೆಕ್ಕ ಹಾಕಿ ನೋಡಿ. 2022ರಲ್ಲಿ ಗಿರಿಯಲ್ಲಿ ಕುರಿಂಜಿ ಅರಳಿದಾಗ ಜನ ಸಾಗರದಂತೆ ಬಂದರು. ಹೂ ನೋಡಿದರು, ಕೆಲವರು ಕಿತ್ತರು, ಜಾಮಿನಲ್ಲಿ ನಿಂತರು, ಹೋದರು. ಬೆಳಿಗ್ಗೆ ಬಂದು ಸಂಜೆ ಹೋಗುವವನು ನಮ್ಮ ಪೇಟೆಯಲ್ಲಿ ಕೊಳ್ಳುವುದೇನು? ಒಂದು ನೀರಿನ ಬಾಟ್ಲಿ, ಒಂದು ಚಿಪ್ಸಿನ ಪೊಟ್ಟಣ. ಎರಡರ ಕಸವೂ ನಮಗೇ. ಅದೇ ನಾಲ್ಕು ದಿನ ಉಳಿಯುವವನು ಮೂರು ರಾತ್ರಿ ರೂಮು ಹಿಡಿಯುತ್ತಾನೆ, ಹತ್ತು ಸಲ ಕಾಫಿ ಕುಡಿಯುತ್ತಾನೆ, ಚಪ್ಪಲಿ ಕಿತ್ತರೆ ಹೊಲಿಸುತ್ತಾನೆ, ಕೊಡೆ ಕೊಳ್ಳುತ್ತಾನೆ, ಹೋಗುವಾಗ ಕಾಫಿಪುಡಿ, ಜೇನು, ಮೆಣಸು ಕಟ್ಟಿಸಿಕೊಳ್ಳುತ್ತಾನೆ. ಸಾವಿರ ಜನ ಓಡಿಹೋಗುವುದು ಒಳ್ಳೆಯದೋ, ನೂರು ಜನ ನಿಲ್ಲುವುದು ಒಳ್ಳೆಯದೋ, ತಕ್ಕಡಿ ಹಿಡಿಯುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಾಗೇ ನಮ್ಮ ಕಡೆಯ ಹುಳುಕನ್ನೂ ಮುಚ್ಚಬಾರದು. ಸೋಮವಾರಕ್ಕೆ ಒಂದು ರೇಟು, ಸಾಲು ರಜೆಗೆ ಅದರ ಮೂರರಷ್ಟು ರೇಟು ಹೇಳುವ ಲಾಡ್ಜುಗಳಿವೆ. ದೂರದವನು ಬೆಪ್ಪ ಅಂದುಕೊಂಡು ಬಾಯಿಗೆ ಬಂದ ಬಾಡಿಗೆ ಕೇಳುವ ಗಾಡಿಗಳಿವೆ. ಒಮ್ಮೆ ಕೈ ಸುಟ್ಟುಕೊಂಡು ಹೋದವನು ಊರಿಗೆ ಹೋಗಿ ಇನ್ನು ಹತ್ತು ಜನಕ್ಕೆ ಹೇಳುತ್ತಾನೆ. ರೇಟು ಬರೆದು ಗೋಡೆಗೆ ಹಾಕಿ. ಹೆಂಗಸರು ಇಳಿದು ಕೇಳುವ ಮೊದಲ ಮಾತು ಕಕ್ಕಸು ಎಲ್ಲಿದೆ ಅಂತ. ಅದಕ್ಕೆ ಕೈ ತೋರಿಸಲು ಒಂದು ಶುದ್ಧವಾದ ಜಾಗ ಎಷ್ಟು ಬಸ್ ಸ್ಟ್ಯಾಂಡಿನಲ್ಲಿದೆ? ದಿನಾ ಬಸ್ಸಿಗೆ ಕಾಯುವ ನಮ್ಮ ಹೆಣ್ಣುಮಕ್ಕಳೂ ಅದನ್ನೇ ಕೇಳುತ್ತಿದ್ದಾರೆ.

ಒಂದು ಬೋರ್ಡು ಹಾಕಿ ಸ್ವಾಮಿ

ಕೊನೆಗೆ ಜಿಲ್ಲಾಡಳಿತದವರಲ್ಲಿ ಒಂದು ಮಾತು. ಕೋಟಿಯ ಯೋಜನೆ ಕೇಳುತ್ತಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಶೃಂಗೇರಿ ಬಸ್ ಸ್ಟ್ಯಾಂಡುಗಳಲ್ಲಿ ಒಂದೊಂದು ಕರಿಹಲಗೆ ಹಾಕಿಸಿ. ಇವತ್ತು ಯಾವ ಘಾಟಿ ತೆರೆದಿದೆ, ಯಾವುದು ಮುಚ್ಚಿದೆ, ಭಾರಿ ಗಾಡಿಗೆ ಬಿಡುತ್ತಾರೋ ಇಲ್ಲವೋ, ಕೊನೇ ಬಸ್ಸು ಎಷ್ಟು ಗಂಟೆಗೆ, ಗಿರಿಯ ಬುಕ್ಕಿಂಗ್ ತುಂಬಿದೆಯೋ ಖಾಲಿ ಇದೆಯೋ, ಇಷ್ಟನ್ನು ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಕನ್ನಡದಲ್ಲಿ ಬರೆಸಿ. ಘಾಟಿ ಬಂದ್ ಆದೇಶ ಕಚೇರಿಯ ಫೋನಿನಿಂದ ಪತ್ರಕರ್ತರ ಫೋನಿಗೆ ಬಂದು ಸೇರುತ್ತದೆ, ಸರಿ. ಬೆಳಿಗ್ಗೆ ಆರಕ್ಕೆ ಮಗು ಎತ್ತಿಕೊಂಡು ಮಂಗಳೂರು ಆಸ್ಪತ್ರೆಗೆ ಹೊರಟವಳಿಗೆ ಅದು ತಿಳಿಯುವುದು ಬಸ್ ಸ್ಟ್ಯಾಂಡಿನಲ್ಲಿ ನಿಂತ ಮೇಲೆಯೇ.

ಎರಡನೆಯದು, ಸಾಲು ರಜೆಯ ದಿನ ಘಾಟಿಯ ತಿರುವುಗಳಲ್ಲಿ ಗಾಡಿ ನಿಲ್ಲಿಸದ ಹಾಗೆ ಹೋಮ್‌ಗಾರ್ಡುಗಳನ್ನು ನಿಲ್ಲಿಸಿ. ನೋಟ ನೋಡಲು ಅಗಲವಿರುವ ನಾಲ್ಕು ಜಾಗ ಗುರುತು ಮಾಡಿ, ಅಲ್ಲಿ ಮಾತ್ರ ನಿಲ್ಲಿಸಲಿ. ಮೂರನೆಯದು, ಸಂಜೆಯ ಲೈನ್ ಬಸ್ಸಿಗೆ ಮತ್ತು ಆಂಬುಲೆನ್ಸಿಗೆ ಮೊದಲ ದಾರಿ. ಇದು ದಯೆಯಲ್ಲ, ಹಕ್ಕು.

ಅಲ್ಲಿಯವರೆಗೆ ಕೆಲಸ ನಿಮ್ಮದೇ. ಮುಂದಿನ ಶನಿವಾರ ಯಾರಾದರೂ ಕಾರು ನಿಲ್ಲಿಸಿ, "ಸಾರ್, ಒಂದೇ ದಿನದಲ್ಲಿ ಎಲ್ಲಾ ಕವರ್ ಮಾಡ್ಬಹುದಾ?" ಅಂತ ಕೇಳಿದರೆ, "ಆಗೋಲ್ಲ ಸ್ವಾಮಿ, ನಾಲ್ಕು ದಿನ ಬೇಕು. ಮೊದಲು ಕಾರು ಸ್ವಲ್ಪ ಪಕ್ಕಕ್ಕೆ ತಗೊಳ್ಳಿ, ಹಿಂದೆ ಬಸ್ಸು ಬಂದಿದೆ" ಅಂತ ಹೇಳಿ.